ಗುರುವಾರಕ್ಕೆ ಬಂದಿಳಿದ ದಿಬ್ಬಣ

“ಕೋಲು ಕೆಳಗಿಟ್ಟು ನಿಂತ್ಕೊಳ್ಳಿ ಯಜಮಾನ್ರೇ. ನಮಗೆ ಬೇಕಾಗಿರೋದು ನಿಮ್ಮ ತೂಕ, ಕೋಲಿಂದಲ್ಲ,” ಎಂದಳು ತೂಕದ ಯಂತ್ರದ ಪಕ್ಕ ಕೂತಿದ್ದ ಹುಡುಗಿ.

“ಮಾತಿನ ಯಜಮಾನನಿಗೂ ಅವನ ಕೋಲಿಗೂ ಬೇರೆ ಬೇರೆ ತೂಕ ಅಂತ ಯಾವ ಊರಲ್ಲಿದೆಯಮ್ಮ?” ಎಂದು ಪೆನಿಯಾಮಿನ ಕೋಲಿನ ಸಮೇತ ಯಂತ್ರ ಹತ್ತಿದ. ಮುಳ್ಳು ಒಂದು ದೊಡ್ಡ ಸುತ್ತು ಹೊಡೆದು, ಸುಸ್ತಾಗಿ, ಕೊನೆಯ ಅಂಕಿಗೆ ಒರಗಿ ನಿಂತಿತು. ಹುಡುಗಿ ಮುಳ್ಳನ್ನು ನೋಡಿದಳು. ಕಿಟಕಿಯಾಚೆ ಬಿಸಿಲಲ್ಲಿ ನಿಂತಿದ್ದ ಪುಟ್ಟ ವಿಮಾನವನ್ನು ನೋಡಿದಳು. ಮತ್ತೆ ಮುಳ್ಳನ್ನು ನೋಡಿದಳು.

“ನೀವು ಬಲಗಡೆ ಕೂತ್ಕೊಳ್ಳಿ. ನಿಮ್ಮ ಜೊತೆಯವರೆಲ್ಲ ಎಡಗಡೆ.”

“ಕೇಳಿಸ್ಕೊಂಡ್ಯಾ?” ಎಂದ ಪೆನಿಯಾಮಿನ, ತನ್ನ ಹೆಂಡತಿ ಟೋಗಿಯಾಳಿಗೆ. “ಮರ್ಯಾದೆಯ ಜಾಗ ಕೊಟ್ಟಿದ್ದಾರೆ.”

ಪೆನಿಯಾಮಿನ, ಎಲ್ಲರ ಬಾಯಲ್ಲಿ ಪೆನಿ, ಆಪಿಯಾ ಪಟ್ಟಣದಲ್ಲಿ ಬಸ್ಸು ಓಡಿಸುವವನು. ಈಚೆಗೆ ಅವನ ಕುಟುಂಬದವರು ಸೇರಿ ಅವನಿಗೆ ಮಾತಿನ ಯಜಮಾನಿಕೆ ಕಟ್ಟಿದ್ದರು. ಸಮೋವಾ ಸೀಮೆಯಲ್ಲಿ ಮಾತಿನ ಯಜಮಾನನಿಲ್ಲದ ಕುಟುಂಬ ಅಂದರೆ ಹಾರನ್ನಿಲ್ಲದ ಬಸ್ಸು. ಹುಟ್ಟಿಗೂ ಸಾವಿಗೂ ಮದುವೆಗೂ ಒಬ್ಬ ಎದ್ದು ನಿಂತು, ಕೋಲೂರಿ, ಹೆಗಲ ಮೇಲೆ ನಾರಿನ ಚೌರಿ ಇಳಿಬಿಟ್ಟು, ಕೇಳುವವರ ಕಾಲು ಜೋಮು ಹಿಡಿಯುವ ತನಕ ಮಾತಾಡಬೇಕು. ಪೆನಿಗೆ ಕೋಲು ಬಂದಿತ್ತು, ಚೌರಿ ಬಂದಿತ್ತು, ಮಾತಾಡುವ ಸಂದರ್ಭ ಮಾತ್ರ ಬಂದಿರಲಿಲ್ಲ. ಮನೆಯ ಹಿರಿಯಳಾದ ಲಗಿ ಅಜ್ಜಿ ಮೊದಲೇ ಹೇಳಿಬಿಟ್ಟಿದ್ದಳು: “ಮೆಲೆಯ ಮದುವೇಲಿ ಮಾತಾಡು. ಸರಿಹೋದ್ರೆ ಕೋಲು ನಿಂದು. ಕೆಟ್ರೆ ಟಿಮೋಟೆವೊಂದು.”

ಟಿಮೋಟೆವೊ ಪೆನಿಯ ದಾಯಾದಿ. ‘ಕೆಟ್ರೆ’ ಎಂಬ ಒಂದೇ ಮಾತಿನ ಮೇಲೆ ನಂಬಿಕೆಯಿಟ್ಟು ತಾನೂ ದಿಬ್ಬಣದ ಜೊತೆ ಹೊರಟಿದ್ದ. ಒಣಹಾಕಿದ ಮೀನನ್ನು ಬೆಕ್ಕು ನೋಡುವ ಹಾಗೆ ಆ ಕೋಲನ್ನೇ ನೋಡುತ್ತಿದ್ದ.

ಮದುವೆಯ ಹೆಣ್ಣು ಮೆಲೆ, ಪೆನಿಯ ಅಣ್ಣನ ಮಗಳು. ಸಮುದ್ರದಾಚೆ ಟುಟುಯಿಲಾ ದ್ವೀಪದ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸ. ಗಂಡು ಲಾಫಿ, ಅದೇ ಕಾರ್ಖಾನೆಯವನು, ಅಲ್ಲಿಯ ಊರಿನವನೇ. ಹೆಣ್ಣಿನ ಕಡೆಯವರು ಮದುವೆಗೆ ನವಿರು ಚಾಪೆ ಒಯ್ಯಬೇಕು. ರೇಷ್ಮೆಯ ಹಾಗೆ ಮೆತ್ತಗೆ ಹೆಣೆದ, ಅಂಚಿಗೆ ಕೆಂಪು ಗರಿ ಕಟ್ಟಿದ, ಹೆಣೆದವಳ ಕಣ್ಣು ಮಂಜಾಗಿಸಿದ ಚಾಪೆ. ಮನೆಯಲ್ಲಿದ್ದ ಅಷ್ಟನ್ನೂ ಮೂಟೆ ಕಟ್ಟಿ ತಂದಿದ್ದರು. ಅದರಲ್ಲಿ ಒಂದು ಅಜ್ಜಿಯ ಅಜ್ಜಿಯದು.

ಈಗ ಒಂದು ಮಾತು ಹೇಳಿಬಿಡಬೇಕು. ಈ ಎರಡು ದ್ವೀಪಗಳ ಗಡಿಯಾರ ಒಂದೇ, ಕ್ಯಾಲೆಂಡರು ಮಾತ್ರ ಬೇರೆ. ಜಗತ್ತಿನ ದಿನ ಬದಲಾಗುವ ಗೆರೆ ಇವರಿಬ್ಬರ ನಡುವಿನ ನೀರಿನಲ್ಲಿ ಹಾದುಹೋಗುತ್ತದೆ. ಆಪಿಯಾದಲ್ಲಿ ಶುಕ್ರವಾರವಾದರೆ ಟುಟುಯಿಲಾದಲ್ಲಿ ಇನ್ನೂ ಗುರುವಾರ. ಇದು ಆಪಿಯಾದ ಕೋಳಿಗಳಿಗೂ ಗೊತ್ತು. ಪೆನಿಗೂ ಒಂದು ದಿನದ ವ್ಯತ್ಯಾಸವಿದೆ ಎಂಬುದು ಗೊತ್ತಿತ್ತು. ಯಾವ ಕಡೆಗೆ ಎಂಬುದೊಂದೇ ತೊಡಕು.

“ಇವತ್ತು ಶುಕ್ರವಾರ,” ಎಂದು ಅವನು ಅಜ್ಜಿಗೆ ವಿವರಿಸಿದ. “ಮದುವೆ ಅಲ್ಲಿಯ ಶನಿವಾರ ಮಧ್ಯಾಹ್ನ. ದಾರೀಲಿ ಸಮುದ್ರ ಒಂದು ದಿನ ತಿನ್ನುತ್ತೆ. ಇಳಿಯೋವಾಗ ಶನಿವಾರ ಬೆಳಿಗ್ಗೆ. ಮುಖ ತೊಳೆಯೋದು, ಮಾತಾಡೋದು!”

“ರೀ, ಹೋದ ವರ್ಷ ನಾನು ಅಲ್ಲಿಗೆ ಹೋದಾಗ ಎರಡು ಭಾನುವಾರ ಬಂದಿತ್ತು. ಎರಡು ಸಲ ಚರ್ಚಿಗೆ ಹೋಗಿ ಮೊಣಕಾಲು ಬಾತಿತ್ತು,” ಎಂದಳು ಟೋಗಿಯಾ.

“ನಿನ್ನ ಮೊಣಕಾಲು ಪಂಚಾಂಗವೇನೇ? ನಮ್ಮಕ್ಕ ಅಲ್ಲಿಂದ ಬಂದಾಗಲೆಲ್ಲ ‘ಅಯ್ಯೋ, ಒಂದು ದಿನ ಹೋಯ್ತು’ ಅಂತ ಬಾಯಿ ಬಡ್ಕೊಳ್ಳಲ್ವಾ?”

“ಅದು ಬರೋವಾಗ.”

“ಬರೋವಾಗ ಇರೋ ಬಾಯಿ ಸಮುದ್ರಕ್ಕೆ ಹೋಗೋವಾಗ ಇರಲ್ವಾ?”

ಟೋಗಿಯಾ ಮೂಟೆಯ ಗಂಟು ಬಿಗಿಮಾಡತೊಡಗಿದಳು. ತೂಕದ ಹುಡುಗಿ ಮಾತ್ರ “ಯಜಮಾನ್ರೇ, ಅಲ್ಲಿ ಈಗ...” ಎಂದು ಶುರು ಮಾಡಿದಳು.

“ವಿಮಾನ ಎಷ್ಟು ಹೊತ್ತು ಹಾರುತ್ತಮ್ಮ?”

“ಮೂವತ್ತೈದು ನಿಮಿಷ. ಆದ್ರೆ...”

“ಅಷ್ಟು ಸಾಕು.”

ಕೋಲು ಹಿಡಿದ ಹಿರಿಯರ ಮಾತಿಗೆ ಅಡ್ಡ ಬರಬಾರದು ಎಂದು ಆ ಹುಡುಗಿಯ ತಾಯಿ ಕಲಿಸಿದ್ದಳು. ಒಳ್ಳೆಯ ತಾಯಂದಿರಿಂದ ಲೋಕಕ್ಕೆ ಆಗುವ ನಷ್ಟ ಸಣ್ಣದಲ್ಲ.

ವಿಮಾನದಲ್ಲಿ ಪೆನಿ ಬಲಗಡೆ ಒಬ್ಬನೇ ಕೂತು, ಕೆಳಗಿನ ನೀರನ್ನು ಬಸ್ಸಿನವನ ಕಣ್ಣಿಂದ ಅಳೆದ. “ಈ ದೂರ ನನ್ನ ಬಸ್ಸಲ್ಲಾದ್ರೆ ಮೂರು ತಾಸು. ಕೈ ತೋರಿಸಿದ ಮುದುಕೀರನ್ನೆಲ್ಲ ಹತ್ತಿಸ್ಕೊಂಡ್ರೆ ನಾಲ್ಕು,” ಎಂದು ಕೂಗಿ ಹೇಳಿದ. ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನಿಗೆ ಅದರಿಂದ ಬೇಸರವೂ ಆಗಲಿಲ್ಲ. ಭಾಷಣದ ಅಭ್ಯಾಸಕ್ಕೆ ಅನುಕೂಲವೇ ಆಯಿತು.

ಇಳಿದ ಮೇಲೆ ಸಾಕ್ಷಿಗಳು ಒಂದೊಂದಾಗಿ ಎದುರಿಗೆ ಬಂದವು. ಪೆನಿ ಒಂದೊಂದಕ್ಕೂ ತಕ್ಕ ಉತ್ತರ ಕೊಟ್ಟ. ಬಸ್ಸಿನ ಕಿಟಕಿಯಾಚೆ ಸಮವಸ್ತ್ರದ ಮಕ್ಕಳು ಸಾಲಾಗಿ ಶಾಲೆಯ ಅಂಗಳದಲ್ಲಿ ನಿಂತಿದ್ದವು.

“ಶನಿವಾರನೂ ಶಾಲೇನಾ?” ಎಂದಳು ಟೋಗಿಯಾ.

“ಅಮೆರಿಕದವರ ಆಡಳಿತ ಕಣೇ. ಸುಮ್ನೆ ಮುಂದೆ ಬಂದಿದಾರಾ?”

ಚರ್ಚಿನ ಬಾಗಿಲಿಗೆ ಬೀಗ ಹಾಕಿತ್ತು. ಪಾದ್ರಿಗಳು ಹಳೆಯ ಚಡ್ಡಿ ಹಾಕಿಕೊಂಡು ದೀವಿಹಲಸಿನ ಮರದ ಮೇಲೆ ಕೂತು ದೋಟಿಯಿಂದ ಕಾಯಿ ಕೀಳುತ್ತಿದ್ದರು. ಪೆನಿ ಕೂತಲ್ಲಿಂದ ಎದ್ದ. ಬಸ್ಸಿನಿಂದಲೇ ತಲೆ ಹೊರಗೆ ಹಾಕಿ, “ಪಾದ್ರಿಗಳೇ! ಮದುವೆ?” ಎಂದು ಕೂಗಿದ.

“ಆಗಿದೆಯಪ್ಪ! ನಾಲ್ಕು ಮಕ್ಕಳು!” ಎಂದರು ಪಾದ್ರಿಗಳು ಮರದ ಮೇಲಿಂದ.

ಲಾಫಿಯ ಮನೆ ಮುಂದೆ ಇಳಿದಾಗ ಚಪ್ಪರವಿಲ್ಲ. ಹಂದಿ ಸುಡುವ ಹೊಗೆಯಿಲ್ಲ. ಗೋಡೆಯಿಲ್ಲದ ಆ ಮನೆಯ ಕಂಬಗಳ ನಡುವೆ ಲಾಫಿಯ ತಾಯಿ ನಿದ್ದೆ ಮಾಡುತ್ತಿದ್ದಳು. ಅಂಗಳದ ತುಂಬ ಲಾಫಿಯ ಒಳಚಡ್ಡಿಗಳು ಗಾಳಿಗೆ ಹಾರಾಡುತ್ತಿದ್ದವು.

“ಗೊತ್ತಾಯ್ತು,” ಎಂದ ಪೆನಿ ಹಲ್ಲು ಕಚ್ಚಿ. “ಗಂಡಿನ ಕಡೆಯವರು ಕೈ ಎತ್ತಿದ್ದಾರೆ. ನಮ್ಮ ಹುಡುಗಿ ಬೇಡವಂತೆ. ಕರೆಯದೆ ಒಳಗೆ ಯಾರೂ ಕಾಲಿಡಬೇಡಿ. ಇಲ್ಲೇ ಅಂಗಳದಲ್ಲಿ ಕೂತ್ಕೊಳ್ಳಿ. ನಾನು ಮಾತಾಡ್ತೀನಿ.”

ಹೀಗೆ ಹೇಳಿ ಮನೆಯ ಕಡೆ ಮುಖ ಮಾಡಿ, ತನ್ನವರಿಗೆ ಬೆನ್ನು ಹಾಕಿ, ಕೋಲೂರಿ ನಿಂತ. ಬೆನ್ನ ಹಿಂದೆ ಬಿಸಿಲು ಸುಡುತ್ತಿತ್ತು. “ನೆತ್ತಿ ಸೀದುಹೋಗ್ತಿದೆ ಕಣ್ರೋ,” ಎಂದು ಲಗಿ ಅಜ್ಜಿ ಮೂಟೆ ಬಿಚ್ಚಿ ಒಂದು ಚಾಪೆ ಎಳೆದು ತಲೆಯ ಮೇಲೆ ಹೊದ್ದಳು. ಅಜ್ಜಿಯನ್ನು ನೋಡಿ ಟೋಗಿಯಾ ಹೊದ್ದಳು. ಟಿಮೋಟೆವೊ ಸುತ್ತಮುತ್ತ ಒಮ್ಮೆ ನೋಡಿ, ಆಮೇಲೆ ಹೊದ್ದ. ಬಿಸಿಲಿಗಾಗಿ ಹೊದ್ದನೋ, ಮುಂದಾಗುವುದು ಗೊತ್ತಿದ್ದೇ ಹೊದ್ದನೋ, ದೇವರೇ ಬಲ್ಲ. ಚಾಪೆಯೊಳಗೆ ಅವನು ನಕ್ಕದ್ದಂತೂ ಹೌದು.

ಆ ದ್ವೀಪಗಳಲ್ಲಿ ನವಿರು ಚಾಪೆಯನ್ನು ತಲೆಗೆ ಹೊದ್ದು ಇನ್ನೊಬ್ಬರ ಮನೆ ಮುಂದೆ ಕೂರುವುದಕ್ಕೆ ಒಂದೇ ಅರ್ಥ. ಅದಕ್ಕೆ ಇಫೋಗ ಅನ್ನುತ್ತಾರೆ. ‘ನಮ್ಮವರಿಂದ ಘೋರ ಅಪರಾಧವಾಗಿದೆ, ಬೇಕಾದರೆ ಕಡಿಯಿರಿ, ಇಲ್ಲವೇ ಚಾಪೆ ತೆಗೆದು ಕ್ಷಮಿಸಿ’ ಎಂದು ಒಂದಿಡೀ ಕುಟುಂಬ ತಲೆ ಒಡ್ಡುವ ಕ್ರಮ. ಕೊಲೆಗೆ ಮಾಡುತ್ತಾರೆ. ಅದರ ಅಕ್ಕಪಕ್ಕದ ತಪ್ಪುಗಳಿಗೂ ಮಾಡುತ್ತಾರೆ. ಬಿಸಿಲಿಗೆ ಯಾರೂ ಮಾಡುವುದಿಲ್ಲ.

ಮೊದಲು ನೋಡಿದವಳು ಎದುರು ಮನೆಯ ಹೆಂಗಸು. “ಇಫೋಗ! ಲಾಫಿ ಮನೆ ಮುಂದೆ ಇಫೋಗ ಕೂತಿದಾರೆ!” ಎಂದು ಅವಳು ಹೊಡೆದ ಕೂಗಿಗೆ ಮರದ ಮೇಲಿದ್ದ ಪಾದ್ರಿಗಳೂ ಇಳಿದು ಬಂದರು.

“ಹೆಣ್ಣಿನ ಕಡೆಯವರಲ್ವಾ ಇವರು? ಏನಂತೆ?”

“ಹೆಣ್ಣು ಓಡಿಹೋಯ್ತಂತೆ. ಮೀನಿನ ಹಡಗಿನ ಅಡುಗೆಯವನ ಜೊತೆ.”

“ಅಲ್ಲ ಕಣೇ, ಲಾಫಿಗೇ ಚೂರಿ ಹಾಕಿಸಿದಾರಂತೆ.”

ಎಚ್ಚರಗೊಂಡ ಲಾಫಿಯ ತಾಯಿಗೆ ಮೊದಲು ಕಿವಿಗೆ ಬಿದ್ದದ್ದೇ ಈ ಮಾತು. “ಅಯ್ಯೋ ನನ್ನ ಮಗನೇ!” ಎಂದು ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. ಅಂದು ಪಾಳಿಯಿಲ್ಲದೆ ಮನೆ ಹಿಂದೆ ಕೆಸುವಿನ ಗೆಡ್ಡೆ ಅಗೆಯುತ್ತಿದ್ದ ಲಾಫಿ ಮಣ್ಣಿನ ಕೈಯಲ್ಲೇ ಓಡಿ ಬಂದ. “ಅಮ್ಮಾ, ನಾನಿಲ್ಲೇ ಇದ್ದೀನಿ.”

“ನೀನು ಸುಮ್ನಿರೋ! ನನ್ನ ಸಂಕಟ ನಿನಗೇನು ಗೊತ್ತು?”

ಅಷ್ಟರಲ್ಲಿ ಲಾಫಿಯ ತಾತ ಸಾಕಾಲಿಯ ಹೊರಗೆ ಬಂದ. ಆ ಊರಿನ ಹಳೆಯ ಮಾತಿನ ಯಜಮಾನ. ಅವನ ಭಾಷಣದ ನಡುವೆ ಹುಟ್ಟಿದ ಮಕ್ಕಳು ಭಾಷಣ ಮುಗಿಯುವಷ್ಟರಲ್ಲಿ ನಡೆಯುತ್ತಿದ್ದವು ಎಂದು ಪ್ರತೀತಿ. ಅಂಗಳದ ಆ ತುದಿಯಲ್ಲಿ ಅವನ ಕೋಲು, ಈ ತುದಿಯಲ್ಲಿ ಪೆನಿಯ ಕೋಲು.

“ಬಂದವರು ಬಂದಿದ್ದೀರಿ,” ಎಂದ ಸಾಕಾಲಿಯ ಗಂಭೀರವಾಗಿ. “ಏನಾಯ್ತು ಅಂತ ನಾವು ಕೇಳೋದಿಲ್ಲ.”

“ಕೇಳಬೇಕಾಗಿಯೂ ಇಲ್ಲ!” ಎಂದ ಪೆನಿ. “ಎಲ್ಲ ನಿಮಗೆ ಮೊದಲೇ ಗೊತ್ತಿದ್ದದ್ದು. ಹಿಂದಿನ ಹಬ್ಬಕ್ಕೆ ನೀವೂ ನಾವೂ ಕೂತು ಮಾತಾಡಿಯೇ ಗೊತ್ತುಮಾಡಿದ್ದು.”

“ಗೊತ್ತುಮಾಡಿದ್ರಂತೆ!” ಎಂದಿತು ಜನ. ಸಾಕಾಲಿಯ ತನ್ನವರ ಕಡೆ ಒಮ್ಮೆ ದುರುಗುಟ್ಟಿ ನೋಡಿದ.

“ಹರೆಯ. ರಕ್ತ ಬಿಸಿ. ತಪ್ಪಾಗಿಬಿಡುತ್ತೆ,” ಎಂದ.

“ತಪ್ಪೇನು ಬಂತು ಹಿರಿಯರೇ? ನಾನೂ ಮಾಡಿದ್ದೇ. ನೀವೂ ಮಾಡಿದ್ದೇ.”

“ನಾನಾ? ಚರ್ಚಿನ ಹಿರಿಯ ನಾನು! ಜನ್ಮದಲ್ಲಿ ಇಲ್ಲ!”

“ಹಾಗಿದ್ರೆ ಈ ಮೊಮ್ಮಕ್ಕಳು ಎಲ್ಲಿಂದ ಉದುರಿದವು?”

ಎದುರು ಮನೆ ಹೆಂಗಸು ಮಗಳ ಕಿವಿ ಮುಚ್ಚಿದಳು. ಸಾಕಾಲಿಯ ಕೋಲನ್ನು ಇನ್ನಷ್ಟು ಬಿಗಿಹಿಡಿದು, ದನಿ ತಗ್ಗಿಸಿ ಕೇಳಿದ, “ಅದು... ನಡೆದದ್ದು ಎಲ್ಲಿ?”

“ನಡೆದದ್ದಲ್ಲ, ನಡೆಯಬೇಕಾದದ್ದು! ಇವತ್ತೇ! ನಡುಮಧ್ಯಾಹ್ನ, ಚರ್ಚಿನೊಳಗೆ, ಪಾದ್ರಿಗಳ ಕಣ್ಣೆದುರಿಗೆ, ಊರೆಲ್ಲ ಕೂತು ನೋಡ್ತಿರೋವಾಗ!”

ಪಾದ್ರಿಗಳು ಕೈಲಿದ್ದ ಕಾಯಿ ಬಿಟ್ಟರು. ಇನ್ನೊಂದು ಮಾತಿಗೆ ಅವಕಾಶ ಕೊಟ್ಟರೆ ಊರಲ್ಲಿ ಮುಖ ಎತ್ತಿ ತಿರುಗುವ ಹಾಗಿರುವುದಿಲ್ಲ ಎಂದು ಸಾಕಾಲಿಯನಿಗೆ ಖಾತ್ರಿಯಾಯಿತು. ಎಂಬತ್ತು ದಾಟಿದ ಮುದುಕ ಎಳೆಯನ ಹಾಗೆ ಓಡಿ ಬಂದು ಲಗಿ ಅಜ್ಜಿಯ ತಲೆಯ ಮೇಲಿನ ಚಾಪೆ ಎತ್ತಿದ. “ಕ್ಷಮಿಸಿದ್ದೇವೆ! ಏನೇ ಆಗಿರಲಿ, ಏನೇ ಆಗಲಿಕ್ಕಿರಲಿ, ಕ್ಷಮಿಸಿದ್ದೇವೆ! ಚಾಪೆಗಳನ್ನ ಒಳಗೆ ಒಯ್ಯಿರೋ!” ಹುಡುಗರು ತಲೆಯ ಮೇಲಿನದನ್ನೂ ಮೂಟೆಯಲ್ಲಿದ್ದದ್ದನ್ನೂ ಬಾಚಿ ಒಳಗೆ ಸಾಗಿಸಿದರು.

ಪೆನಿಯ ಮುಖ ಅರಳಿತು. ಕೈ ಎತ್ತಿದ್ದ ಬೀಗರನ್ನು ನಾಲ್ಕೇ ಮಾತಿನಲ್ಲಿ ದಾರಿಗೆ ತಂದ! ಚಾಪೆ ಒಪ್ಪಿಕೊಂಡರು ಅಂದರೆ ಮದುವೆ ಒಪ್ಪಿದ ಹಾಗೆ. ಅವನು ಗೆದ್ದ ಎತ್ತಿನ ಹಾಗೆ ಹಿಂದಕ್ಕೆ ತಿರುಗಿದಾಗ, ರಬ್ಬರ್ ಬೂಟು, ಕೂದಲಿಗೆ ಬಲೆಯ ಟೋಪಿ, ಮೈತುಂಬ ಮೀನಿನ ವಾಸನೆ ಹೊತ್ತು ಮೆಲೆ ಓಡೋಡಿ ಬಂದಳು.

“ಚಿಕ್ಕಪ್ಪಾ! ಯಾರನ್ನ ಕೊಂದ್ರಿ?”

“ಕೊಲ್ಲೋದಾ? ನಿನ್ನ ಮದುವೆ ಮಾಡ್ತಿದ್ದೀನಿ. ಇದೇನಿದು ವೇಷ? ಹೋಗಿ ಬಟ್ಟೆ ಬದಲಾಯಿಸು!”

“ಮದುವೆ ಶನಿವಾರ!”

“ಮತ್ತೆ ಇವತ್ತು?”

“ಗುರುವಾರ!”

ಪೆನಿ ಬಲಗೈಯ ಬೆರಳು ಮಡಚಿ ಲೆಕ್ಕ ಹಾಕಿದ. ಸರಿಬರದೆ ಎಡಗೈಯಿಂದ ಹಾಕಿದ. ಅದೂ ಗುರುವಾರಕ್ಕೇ ಬಂದು ನಿಂತಿತು.

“ಹಾಗಾದ್ರೆ ಸಮುದ್ರ ತಿನ್ನೋದಿಲ್ಲ,” ಎಂದ ಮೆಲ್ಲಗೆ.

“ಬರೋವಾಗ ತಿಂದಿದ್ದನ್ನ ಹೋಗೋವಾಗ ಕಾರುತ್ತೆ,” ಎಂದಳು ಟೋಗಿಯಾ. “ಬಾಯಿ ಒಂದೇ ಕಣೋ ಪೆನಿ, ಕೆಲಸ ಎರಡು.” ಯಜಮಾನಿಕೆ ಬಂದಾಗಿನಿಂದ ‘ರೀ’ ಎನ್ನುತ್ತಿದ್ದವಳು ಅವನ ಹೆಸರು ಹಿಡಿದದ್ದು ಅದೇ ಮೊದಲು.

ಮೊದಲು ನಕ್ಕವನು ಲಾಫಿ. ಆಮೇಲೆ ಅವನ ತಾಯಿ, ಕಣ್ಣೊರೆಸಿಕೊಳ್ಳುತ್ತಲೇ. ಆಮೇಲೆ ಇಡೀ ಅಂಗಳ. ಪಾದ್ರಿಗಳು ಬೇಲಿ ಹಿಡಿದುಕೊಂಡು ನಕ್ಕರು. ಮೆಲೆ ಮಾತ್ರ ನಗಲಿಲ್ಲ.

“ಚಾಪೆ ಎಲ್ಲಿ?” ಎಂದಳು.

ನಗು ಒಂದೊಂದೇ ಬಾಯಿಂದ ಇಳಿದುಹೋಯಿತು. ಕ್ಷಮೆಗೆಂದು ಕೊಟ್ಟ ಚಾಪೆಯನ್ನು ವಾಪಸು ಕೇಳುವಂತಿಲ್ಲ. ಪಡೆದವರು ವಾಪಸು ಕೊಡುವಂತೆಯೂ ಇಲ್ಲ. ಕೊಟ್ಟರೆ ಕ್ಷಮೆ ಹಿಂತೆಗೆದ ಹಾಗೆ, ಹಗೆ ಸಾರಿದ ಹಾಗೆ. ಸಾಕಾಲಿಯ ಕೋಲಿನ ತುದಿಯಿಂದ ನೆಲ ಕೆದಕಿದ.

“ಶನಿವಾರ ನಮ್ಮ ಕಡೆಯಿಂದ ಏನು ಇಡ್ತೀರಿ? ಮೀನಿನ ಡಬ್ಬಿನಾ?” ಎಂದಳು ಮೆಲೆ. “ಬರಿಗೈಲಿ ಬಂದ ಹೆಣ್ಣು ಅಂತ ನನ್ನ ಮೊಮ್ಮಕ್ಕಳ ತನಕ ಆಡ್ಕೊಳ್ತಾರೆ.” ಟೋಪಿ ಕಿತ್ತು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು.

“ಅಳಬೇಡ ಮಗಳೇ,” ಎಂದ ಪೆನಿ ಗಾಬರಿಯಿಂದ. “ನಾನು ಈಗಲೇ ಹೊರಟ್ರೆ ನಾಳೆ ಮನೇಲಿರ್ತೀನಿ. ನಾಡಿದ್ದು ಅಲ್ಲಿಂದ ಬಿಟ್ರೆ ನಾಳೆಗೇ ಇಲ್ಲಿಗೆ...”

“ಬಾಯಿ ಮುಚ್ಚೋ!” ಎಂದಳು ಲಗಿ ಅಜ್ಜಿ. ಆ ಒಂದು ಲೆಕ್ಕ ಮಾತ್ರ ಸರಿಯಾಗಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ. “ಮನೇಲಿ ಇನ್ನೆಲ್ಲಿದೆ ಚಾಪೆ? ಇದ್ದದ್ದೆಲ್ಲ ಬಂದಾಯ್ತು. ಕೊಡು ಆ ಕೋಲು. ಶನಿವಾರದ ತನಕ ನಿನ್ನ ಬಾಯಿಗೆ ರಜೆ.”

“ಯಾವ ಶನಿವಾರ ಅಜ್ಜಿ? ಅಲ್ಲಿದ್ದಾ, ಇಲ್ಲಿದ್ದಾ?”

ಅಜ್ಜಿ ಕೋಲನ್ನು ಕಿತ್ತು ಟಿಮೋಟೆವೊನ ಕೈಗಿಟ್ಟಳು.

ಸಂಜೆ ಮೆಲೆ ಬಾಡಿಗೆಗಿದ್ದ ಮನೆಗೆ ಗಂಡಿನ ಕಡೆಯಿಂದ ಊಟ ಬಂತು. ಸುಟ್ಟ ಹಂದಿ, ಗೆಡ್ಡೆ, ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ತೆಂಗಿನ ಹಾಲು. ತಾವು ಕ್ಷಮಿಸಿದವರನ್ನು ಚೆನ್ನಾಗಿ ಉಣ್ಣಿಸುವುದೂ ಪದ್ಧತಿಯೇ. ಪೆನಿ ಒಂದು ಮಾತೂ ಆಡದೆ ಉಂಡ. ಎರಡನೇ ಸಲ ಬಡಿಸಿದಾಗಲೂ ಆಡಲಿಲ್ಲ. ಟೋಗಿಯಾಗೆ ಹೆದರಿಕೆಯಾಗಿ ಅವನ ಹಣೆ ಮುಟ್ಟಿ ನೋಡಿದಳು.

ಮರುದಿನ ಬೆಳಕು ಹರಿಯುವಾಗ ಅಂಗಳ ಗುಡಿಸಲು ಹೋದ ಟೋಗಿಯಾ ಪೊರಕೆ ಬಿಸಾಕಿ ಓಡಿ ಬಂದಳು. “ಎಲ್ಲ ಏಳಿ! ಹೊರಗೆ ಜನ ಕೂತಿದಾರೆ! ತಲೆ ಮೇಲೆ ಚಾಪೆ!”

ಹೌದು. ಅಂಗಳದ ಉದ್ದಕ್ಕೂ ಸಾಲಾಗಿ ಚಾಪೆಗಳು, ಕೆಂಪು ಗರಿಯಂಚಿನ ಅವೇ ಚಾಪೆಗಳು, ಒಂದೊಂದರ ಕೆಳಗೂ ಒಬ್ಬೊಬ್ಬರು. ಮುಂದೆ ಕೂತವನ ಚಾಪೆಯ ಕೆಳಗಿನಿಂದ ಸಾಕಾಲಿಯನ ಬರಿ ಪಾದ ಕಾಣುತ್ತಿತ್ತು. ಲಾಫಿಯೊಬ್ಬ ಕೈಕಟ್ಟಿ ನಿಂತಿದ್ದ.

“ಇದೇನಪ್ಪ ಇದು?” ಎಂದಳು ಲಗಿ ಅಜ್ಜಿ.

“ತಾತ ಹೇಳಿ ಕಳಿಸಿದ್ದು ಇಷ್ಟೇ ಅಜ್ಜಿ. ಹೆಣ್ಣಿನ ಕಡೆಯವರು ಸಮುದ್ರ ದಾಟಿ ಮದುವೆಗೆ ಬಂದ್ರು. ನಾವು ಮದುವೇನೇ ಇಟ್ಕೊಂಡಿರ್ಲಿಲ್ಲ. ಬೀಗರಿಗೆ ಇದಕ್ಕಿಂತ ದೊಡ್ಡ ಅಪರಾಧ ಯಾರು ಮಾಡಿದಾರೆ? ಕಡಿದ್ರೆ ಕಡೀರಿ, ಕ್ಷಮಿಸಿದ್ರೆ ಚಾಪೆ ಇಟ್ಕೊಳ್ಳಿ.”

ಒಂದು ಚಾಪೆಯೊಳಗಿಂದ ಲಾಫಿಯ ತಾಯಿ ಕಿಸಕ್ಕೆಂದಳು. ಇನ್ನೊಂದು ಚಾಪೆ ಅವಳನ್ನು ತಿವಿಯಿತು. ಬಾಗಿಲಲ್ಲಿ ನಿಂತಿದ್ದ ಮೆಲೆಗೆ ಅರ್ಥವಾದಾಗ ಅವಳ ಕೈ ಎದೆಯ ಮೇಲೆ ಹೋಯಿತು.

ಆದರೆ ಮಾತಿಲ್ಲದೆ ಚಾಪೆ ಎತ್ತುವಂತಿಲ್ಲ. ಅಜ್ಜಿ ಟಿಮೋಟೆವೊನ ಕಡೆ ನೋಡಿದಳು. ಅವನು ಕೋಲೂರಿ, ಕೆಮ್ಮಿ, ದನಿ ಎತ್ತಿದ: “ಇಂದು ಈ ಶುಭದಿನ, ಈ ಸುಂದರ ವಧುವರರು...”

“ಯಾರು ವರ? ಆ ಬರಿಗಾಲಿನ ಮುದುಕನಾ? ಕೂತ್ಕೋ,” ಎಂದಳು ಅಜ್ಜಿ. ಪಾಪ, ಅವನು ಕದ್ದು ಬಾಯಿಪಾಠ ಮಾಡಿದ್ದು ಪೆನಿಯ ಮದುವೆ ಭಾಷಣವೊಂದನ್ನೇ. ಅಜ್ಜಿ ಕೋಲು ತೆಗೆದು ಪೆನಿಯ ಕಡೆ ಚಾಚಿದಳು. “ನೀನು ಮಾತಾಡು. ಚಿಕ್ಕದಾಗಿ. ವಾರದ ಹೆಸರು ಒಂದೂ ಬಾಯಲ್ಲಿ ಬರಕೂಡದು.”

ಪೆನಿ ಅಂಗಳಕ್ಕಿಳಿದ. ಚೌರಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ.

“ಹಿರಿಯರೇ,” ಎಂದ. “ನಿಮ್ಮ ಊರು ನಮ್ಮ ಊರಿಗೆ ಮೂವತ್ತೈದು ನಿಮಿಷದ ದೂರ ಅಂದ್ಕೊಂಡಿದ್ದೆ. ನಿನ್ನೆ ತಿಳೀತು, ಒಂದು ದಿನದ ದೂರ. ಇವತ್ತು ತಿಳೀತು, ಅದೂ ಅಲ್ಲ. ಕ್ಯಾಲೆಂಡರು ನೋಡಿದ್ರೆ ನೀವು ನಮಗಿಂತ ಹಿಂದೆ. ಆದ್ರೆ ನಾನು ದಾರೀಲಿ ಬೀಳಿಸ್ಕೊಂಡ ಮರ್ಯಾದೇನ, ನಾನು ಹುಡುಕೋಕೆ ಮುಂಚೇನೇ, ತಲೆ ಮೇಲೆ ಹೊತ್ತು ತಂದು ಬಾಗಿಲಿಗೆ ಮುಟ್ಟಿಸಿದ್ರಲ್ಲ. ಇಷ್ಟು ಮುಂದೆ ಇರೋರನ್ನ ನಾನೆಲ್ಲೂ ನೋಡಿಲ್ಲ.”

ಲಗಿ ಅಜ್ಜಿ ಸೆರಗಿನಂಥ ತುಂಡುಬಟ್ಟೆಯಿಂದ ಮೂಗೊರೆಸಿಕೊಂಡಳು. ಮೆಲೆ ಬಾಗಿಲ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡಳು. ಬೇಲಿಯಾಚೆ ಪಾದ್ರಿಗಳು ಟೋಪಿ ತೆಗೆದರು.

ಇಲ್ಲಿಗೆ ನಿಲ್ಲಿಸಿದ್ದರೆ ಇಂಥ ಭಾಷಣವನ್ನು ಆ ದ್ವೀಪ ಕಂಡಿಲ್ಲ ಎಂದು ನಾವೂ ಬರೆಯಬಹುದಿತ್ತು. ಆದರೆ ಕೋಲು ಕೈಯಲ್ಲಿತ್ತು, ಬಾಯಿಗೆ ಒಂದಿಡೀ ರಾತ್ರಿ ರಜೆ ಕೊಟ್ಟಾಗಿತ್ತು. ಪೆನಿ ಎರಡೂ ಮನೆತನಗಳ ಪೂರ್ವಜರನ್ನು ಎಬ್ಬಿಸಿದ. ಅವರು ಏರಿ ಬಂದ ದೋಣಿಗಳನ್ನು ಎಣಿಸಿದ. ದೋಣಿಗಿಂತ ಬಸ್ಸು ಹೇಗೆ ಮೇಲೆಂದು ವಿವರಿಸಿದ. ಬಿಸಿಲು ಮರದ ತುದಿಯಿಂದ ಅಂಗಳಕ್ಕಿಳಿಯಿತು. ಪಾದ್ರಿಗಳು ಟೋಪಿ ಹಾಕಿಕೊಂಡರು. ಹಿಂದಿನ ಸಾಲಿನ ಚಾಪೆಗಳು ಒಂದೊಂದಾಗಿ ಎದ್ದು ನೆರಳಿಗೆ ಸರಿದವು. ಕೊನೆಗೆ ಅಜ್ಜಿ ಹಿಂದಿನಿಂದ ಅವನ ಲುಂಗಿ ಹಿಡಿದು ಜಗ್ಗಿದಾಗ, ಅವನು ಘನವಾಗಿ ಬಾಗಿ, “ಕ್ಷಮಿಸಿದ್ದೇವೆ!” ಎಂದು ಗುಡುಗಿ, ಸಾಕಾಲಿಯನ ತಲೆಯ ಮೇಲಿನ ಚಾಪೆ ಎತ್ತಿದ.

ಸಾಕಾಲಿಯ ಗಲ್ಲ ಎದೆಗಾನಿಸಿ, ಬಾಯಿ ಅರೆ ತೆರೆದು, ಗೊರಕೆ ಹೊಡೆಯುತ್ತಿದ್ದ.

“ಎಬ್ಬಿಸ್ಲಾ ಅಜ್ಜಿ?” ಎಂದು ಪೆನಿ ಪಿಸುಗುಟ್ಟಿದ.

“ಬೇಡ್ವೋ, ನಿನ್ನ ದಮ್ಮಯ್ಯ! ಎದ್ರೆ ಉತ್ತರ ಕೊಡೋಕೆ ಶುರು ಮಾಡ್ತಾನೆ. ನಾಳೆ ಚರ್ಚಲ್ಲೂ ನೀನೇ ಮಾತಾಡು, ಆಯ್ತಾ? ಈಗ ಸದ್ದು ಮಾಡ್ದೆ ಚಾಪೆ ಸುತ್ತಿ.”

ಟೋಗಿಯಾ, ಮೆಲೆ ತುದಿಗಾಲಲ್ಲಿ ಓಡಾಡಿ ಅಂಗಳದ ಚಾಪೆಗಳನ್ನೆಲ್ಲ ಸುತ್ತಿ ಒಳಗಿಟ್ಟರು. ಪೆನಿ ಕೈಯಲ್ಲಿದ್ದ ಕೊನೆಯದನ್ನು ಮೆಲ್ಲಗೆ ಮುದುಕನ ತಲೆಯ ಮೇಲೇ ಮತ್ತೆ ಹೊದಿಸಿದ. ಅಂಚಿನ ಕೆಂಪು ಗರಿಗಳು ಗೊರಕೆಗೊಮ್ಮೆ ಏಳುತ್ತ, ಗೊರಕೆಗೊಮ್ಮೆ ಮಲಗುತ್ತ ಇದ್ದವು.